ಮನೆಯ ಬಿಪಿ ಲೆಕ್ಕ ಡಾಕ್ಟರ ಕೈಗೆ: ಬಳ್ಳಾರಿ, ರಾಯಚೂರು, ಕೊಪ್ಪಳದವರಿಗೆ ಸಮಗ್ರ ಮಾರ್ಗದರ್ಶಿ

ಮಸ್ಕಿಯಿಂದಲೋ ಕುಷ್ಟಗಿಯಿಂದಲೋ ಬೆಳಿಗ್ಗೆ ಬಸ್ಸು ಹತ್ತಿ, ದಾರಿಯುದ್ದಕ್ಕೂ ನಿಂತೇ ಬಂದು, ಚೀಟಿ ಮಾಡಿಸಲು ಮತ್ತೊಂದು ಸಾಲಿನಲ್ಲಿ ನಿಂತು, ಕೊನೆಗೆ ಡಾಕ್ಟರ ಮುಂದೆ ಕೂರುತ್ತೀರಿ. ಕೂತ ತಕ್ಷಣ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡುತ್ತಾರೆ. ಬಿಪಿಯ ಎರಡು ಅಂಕಿಗಳಲ್ಲಿ ಮೇಲಿನದು, ಅಂದರೆ ದೊಡ್ಡದು, 160 ಬರುತ್ತದೆ. ಆ 160ರಲ್ಲಿ ನಿಮ್ಮ ನಿಜವಾದ ಬಿಪಿ ಎಷ್ಟು, ಬಸ್ಸಿನ ದಣಿವು ಎಷ್ಟು, ಆಸ್ಪತ್ರೆಯ ಭಯ ಎಷ್ಟು ಅಂತ ಡಾಕ್ಟರಿಗೂ ಗೊತ್ತಾಗುವುದಿಲ್ಲ.

ಇದಕ್ಕೆ ತದ್ವಿರುದ್ಧವಾದವರೂ ಇದ್ದಾರೆ. ಆಸ್ಪತ್ರೆಯಲ್ಲಿ 128 ಇರುತ್ತದೆ, ಮನೆಯಲ್ಲಿ ದಿನಾ 145 ಮೇಲೆ. ಇವರ ಬಗ್ಗೆ ನನಗೆ ಜಾಸ್ತಿ ಚಿಂತೆ. ಏಕೆಂದರೆ "ನಿಮ್ಮದು ನಾರ್ಮಲ್ ಐತಿ, ಹೋಗ್ರಿ" ಅನ್ನಿಸಿಕೊಂಡು ವಾಪಸ್ ಹೋಗುವವರು ಇವರೇ. ಮೊದಲನೆಯವರಿಗೆ ಬೇಡದ ಗುಳಿಗೆ ಸೇರಿಕೊಳ್ಳುತ್ತದೆ, ಎರಡನೆಯವರಿಗೆ ಬೇಕಾದ ಗುಳಿಗೆ ಸಿಗುವುದೇ ಇಲ್ಲ.

ಬಿಪಿ-ಶುಗರ್ ಇರುವವರ ಜೊತೆ ದಿನಾ ಕೂತು ಅವರ ಪುಸ್ತಕ ನೋಡುವುದು ನನ್ನ ಕೆಲಸ. ಆ ಕೆಲಸದಿಂದ ಹೇಳುತ್ತಿದ್ದೇನೆ: ಒಂದೇ ಒಂದು ಅಂಕಿ ನೋಡಿ ಹೆದರಬೇಡಿ, ಒಂದೇ ಒಂದು ಅಂಕಿ ನೋಡಿ ನೆಮ್ಮದಿಯಿಂದಲೂ ಇರಬೇಡಿ. ಮನೆಯಲ್ಲಿ ಸರಿಯಾಗಿ ಕೂತು ಒಂದು ವಾರ ನೋಡಿದ ಲೆಕ್ಕ ತನ್ನಿ. ಡಾಕ್ಟರಿಗೆ ನಿಮ್ಮ ಜೊತೆ ಮಾತಾಡಲು ಸಿಗುವುದು ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ಒಳ್ಳೆಯ ತೀರ್ಮಾನ ಆಗಬೇಕಾದರೆ ಆ ಲೆಕ್ಕ ಮೇಜಿನ ಮೇಲಿರಬೇಕು.

ಮಿಷನ್ ಆರಿಸುವುದು

ತೋಳಿಗೆ ಸುತ್ತುವ, ಬಟನ್ ಒತ್ತಿದರೆ ತಾನೇ ಗಾಳಿ ತುಂಬಿಕೊಳ್ಳುವ ಡಿಜಿಟಲ್ ಮಿಷನ್ ತಗೊಳ್ಳಿ. ಮಣಿಕಟ್ಟಿಗೆ ಕಟ್ಟುವುದು, ಬೆರಳಿಗೆ ಹಾಕುವುದು ಬೇಡ. ಕೈಗಡಿಯಾರ ತೋರಿಸುವ ಬಿಪಿ ನಂಬಿ ಗುಳಿಗೆ ಬದಲಿಸುವುದಂತೂ ಬೇಡವೇ ಬೇಡ. ಯಾವ ಮಾಡೆಲ್ ಸರಿಯಾಗಿ ಪರೀಕ್ಷೆಯಾಗಿದೆ ಅಂತ ತಿಳಿಯಲು ಸ್ಟ್ರೈಡ್ ಬಿಪಿ ಎಂಬ ವೆಬ್‌ಸೈಟ್ ಇದೆ. ಮಗನಿಗೋ ಮಗಳಿಗೋ ಹೇಳಿ, ಕೊಳ್ಳುವ ಮೊದಲು ಅದರಲ್ಲಿ ಮಾಡೆಲ್ ನಂಬರ್ ಹುಡುಕಿಸಿ. ಕಂಪನಿ ಹೆಸರು ಒಂದೇ ನೋಡಿದರೆ ಸಾಲದು. ಒಂದೇ ಕಂಪನಿಯ ಒಂದು ಮಾಡೆಲ್ ಪಾಸಾಗಿರಬಹುದು, ಇನ್ನೊಂದು ಆಗಿಲ್ಲದಿರಬಹುದು.

ಮಿಷನ್‌ಗಿಂತ ಪಟ್ಟಿಯ ಅಳತೆ ಮುಖ್ಯ. ಇದನ್ನು ಮೆಡಿಕಲ್ ಶಾಪಿನಲ್ಲಿ ಯಾರೂ ಕೇಳುವುದಿಲ್ಲ, ಯಾರೂ ಹೇಳುವುದೂ ಇಲ್ಲ. ಭುಜಕ್ಕೂ ಮೊಣಕೈಗೂ ನಡುವಿನ ಜಾಗದಲ್ಲಿ ತೋಳಿನ ಸುತ್ತಳತೆ ತಗೊಳ್ಳಿ. ಮನೆಯಲ್ಲಿ ಟೇಪ್ ಇಲ್ಲದಿದ್ದರೆ ಓಣಿಯ ಟೈಲರ್ ಹತ್ತಿರ ಹೋದರಾಯಿತು. ಮಿಷನ್ ಜೊತೆ ಬರುವ ಪಟ್ಟಿ ಸಾಮಾನ್ಯವಾಗಿ 22ರಿಂದ 32 ಸೆಂಟಿಮೀಟರ್ ತೋಳಿಗೆ ಸರಿಹೋಗುತ್ತದೆ. ತೋಳು ಅದಕ್ಕಿಂತ ದಪ್ಪ ಇದ್ದರೆ ದೊಡ್ಡ ಪಟ್ಟಿ ಕೇಳಿ ತಗೊಳ್ಳಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಬಿಗಿದರೆ ಬಿಪಿ ಇಲ್ಲದವರಿಗೂ ಬಿಪಿ ಬರುತ್ತದೆ. ಸಣಕಲು ತೋಳಿಗೆ ದೊಡ್ಡ ಪಟ್ಟಿ ಸುತ್ತಿದರೆ ಇರುವ ಬಿಪಿ ಕಾಣುವುದಿಲ್ಲ.

ಹೊಸ ಮಿಷನ್ ತಂದ ಮೇಲೆ ಒಮ್ಮೆ ಕ್ಲಿನಿಕ್‌ಗೆ ಹಿಡಿದುಕೊಂಡು ಬನ್ನಿ. ಅದೇ ತೋಳಿಗೆ ನಿಮ್ಮ ಮಿಷನ್, ನಂತರ ಕ್ಲಿನಿಕ್ಕಿನದು, ಮತ್ತೆ ನಿಮ್ಮದು, ಹೀಗೆ ಒಂದೊಂದು ನಿಮಿಷ ಬಿಟ್ಟು ನೋಡಬೇಕು. 5ರಷ್ಟು ಹೆಚ್ಚುಕಡಿಮೆ ಇದ್ದರೆ ಚಿಂತೆಯಿಲ್ಲ. 10 ದಾಟಿದರೆ ಪಟ್ಟಿ, ಸೆಲ್ಲು, ಮಿಷನ್ ಮೂರನ್ನೂ ನೋಡಿಸಬೇಕು. ವರ್ಷಕ್ಕೊಮ್ಮೆ ಹೀಗೆ ಮಾಡಿ. ಕರೆಂಟ್ ಹೋಗುವ ಊರಿನವರು ಅಡಾಪ್ಟರ್ ಮೇಲೆ ಭರವಸೆ ಇಡದೆ ಒಳ್ಳೆಯ ಸೆಲ್ಲುಗಳನ್ನು ಇಟ್ಟುಕೊಳ್ಳಿ.

ಮಿಷನ್ ಕೊಳ್ಳಲು ಆಗದಿದ್ದರೆ? ಊರಿನ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ, ಅಂದರೆ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ, ನೋಡುತ್ತಾರೆ. ಅಣ್ಣ-ತಮ್ಮಂದಿರ ಮೂರು ಮನೆಗೆ ಸೇರಿ ಒಂದು ಮಿಷನ್ ಇಟ್ಟುಕೊಂಡವರನ್ನು ನೋಡಿದ್ದೇನೆ, ಅದೂ ಚೆನ್ನಾಗಿ ನಡೆಯುತ್ತದೆ. ಪುಸ್ತಕ ಮಾತ್ರ ಒಬ್ಬೊಬ್ಬರದು ಬೇರೆ ಇರಲಿ.

ಕೂರುವ ರೀತಿ

ಮನೆಯ ಲೆಕ್ಕ ಕೆಡುವುದು ಹೆಚ್ಚಾಗಿ ಇಲ್ಲೇ. ಮಿಷನ್ ಸರಿಯಿರುತ್ತದೆ, ಕೂತ ರೀತಿ ತಪ್ಪಿರುತ್ತದೆ.

ಚಹಾ, ಕಾಫಿ, ಬೀಡಿ, ಗುಟ್ಕಾ, ತಂಬಾಕು, ಹೊಲದ ಕೆಲಸ, ನೀರು ಹೊತ್ತು ತರುವುದು, ಇವೆಲ್ಲ ಆಗಿ ಅರ್ಧ ಗಂಟೆಯಾದರೂ ಕಳೆದಿರಬೇಕು. ಮೂತ್ರಕ್ಕೆ ಹೋಗಿ ಬನ್ನಿ. ಮೂತ್ರ ತಡೆದುಕೊಂಡು ಕೂತರೆ ಮೇಲಿನ ಅಂಕಿ ಸುಮಾರು 10 ಏರುತ್ತದೆ.

ಆಮೇಲೆ ಕುರ್ಚಿಯಲ್ಲಿ ಬೆನ್ನು ಒರಗಿಸಿ 5 ನಿಮಿಷ ಸುಮ್ನೆ ಕೂತಿರಿ. ಎರಡೂ ಪಾದ ನೆಲಕ್ಕೆ ಊರಿರಲಿ, ಕಾಲ ಮೇಲೆ ಕಾಲು ಬೇಡ. ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂತು ನೋಡುವುದು ನಮ್ಮ ಕಡೆ ರೂಢಿ, ಆದರೆ ಕಾಲು ಮಡಚಿದ್ದರೆ ಅಂಕಿ ಸ್ವಲ್ಪ ಏರುತ್ತದೆ. ಕುರ್ಚಿ ಇಲ್ಲವೆಂದರೆ ಮನೆ ಮುಂದಿನ ಕಟ್ಟೆಯ ಮೇಲೆ ಗೋಡೆಗೆ ಒರಗಿ, ಕಾಲು ಕೆಳಗೆ ಊರಿ ಕೂತರೆ ಆಯಿತು.

ತೋಳು ಎದೆಯ ಮಟ್ಟಕ್ಕೆ ಬರಬೇಕು. ಗಾಳಿಯಲ್ಲಿ ಎತ್ತಿ ಹಿಡಿಯಬಾರದು, ತೊಡೆಯ ಮೇಲೂ ಜೋತುಬೀಳಬಾರದು. ಮೇಜಿನ ಮೇಲೆ ಇಡಿ. ಮೇಜು ತಗ್ಗಿದ್ದರೆ ದಿಂಬು ಸೇರಿಸಿ. ಮೇಜೇ ಇಲ್ಲದ ಮನೆಯಲ್ಲಿ ಅಕ್ಕಿ ಡಬ್ಬಿಯ ಮೇಲೆ ಮಡಚಿದ ಕೌದಿ ಇಟ್ಟು ಅದರ ಮೇಲೆ ಕೈ ಚಾಚುತ್ತಾರೆ, ಅದು ಸರಿಯಾದ ಎತ್ತರ. ತೋಳು ಕೆಳಗೆ ಜೋತುಬಿದ್ದಿದ್ದರೆ 10ರಷ್ಟು ಜಾಸ್ತಿ ಬರುತ್ತದೆ.

ಪಟ್ಟಿಯನ್ನು ಬರಿ ತೋಳಿಗೆ ಸುತ್ತಿ. ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲೆ ಇರಲಿ. ಬಿಗಿ ತೋಳಿನ ಅಂಗಿಯನ್ನೋ ರವಿಕೆಯನ್ನೋ ಮೇಲಕ್ಕೆ ಸುರುಳಿ ಮಾಡಿ ತುರುಕಬೇಡಿ, ಆ ಸುರುಳಿಯೇ ಇನ್ನೊಂದು ಪಟ್ಟಿಯಂತೆ ಬಿಗಿಯುತ್ತದೆ. ತೋಳು ಬಿಚ್ಚಿ ಬರುವ ಸಡಿಲ ಬಟ್ಟೆ ಹಾಕಿಕೊಳ್ಳಿ.

ಮತ್ತೆ ಮಾತು. ಮಿಷನ್ ಗಾಳಿ ತುಂಬುವಾಗ "ಎಷ್ಟೈತಿ, ಎಷ್ಟೈತಿ" ಅಂತ ಸೊಸೆ ಕೇಳುವುದು, ಅತ್ತೆ ಉತ್ತರ ಕೊಡುವುದು, ಪಕ್ಕದಲ್ಲಿ ಟಿವಿ. ಮಾತಾಡಿದರೂ ಅಂಕಿ 10ರಷ್ಟು ಏರುತ್ತದೆ. ಆ ಐದಾರು ನಿಮಿಷ ಮನೆಯವರೆಲ್ಲ ಸುಮ್ಮನಿರಲಿ, ಟಿವಿಯೂ ಆಫ್ ಆಗಲಿ.

ಒಂದು ಸಲ ನೋಡಿ, ಒಂದು ನಿಮಿಷ ಬಿಟ್ಟು ಇನ್ನೊಂದು ಸಲ ನೋಡಿ. ಎರಡನ್ನೂ ಬರೆಯಿರಿ. ಎರಡರಲ್ಲಿ ಚೆನ್ನಾಗಿರುವುದನ್ನು ಆರಿಸಿ ಬರೆಯುವುದು ಬೇಡ.

ಮೊಟ್ಟಮೊದಲ ದಿನ ಎರಡೂ ತೋಳಿಗೆ ನೋಡಿ. ಯಾವುದರಲ್ಲಿ ಜಾಸ್ತಿ ಬರುತ್ತದೋ ಮುಂದೆ ಯಾವಾಗಲೂ ಅದೇ ತೋಳು. ಎರಡರ ನಡುವೆ ಪದೇ ಪದೇ 10ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಡಾಕ್ಟರಿಗೆ ಹೇಳಿ. ಮಿಷನ್ ಹೃದಯದ ಗುರುತು ತೋರಿಸಿ ಬಡಿತ ಏರುಪೇರಾಗಿದೆ ಅಂತ ಸೂಚಿಸಿದರೆ, ಅದನ್ನೂ ಪುಸ್ತಕದಲ್ಲಿ ಬರೆಯಿರಿ. ಅಂಥವರಿಗೆ ಡಾಕ್ಟರು ಇಸಿಜಿ ಮಾಡಿಸಬಹುದು.

ಏಳು ದಿನ, ಎರಡು ಹೊತ್ತು

ಡಾಕ್ಟರ ಹತ್ತಿರ ಹೋಗುವ ದಿನಕ್ಕೆ ಮುಂಚಿನ 7 ದಿನ ನೋಡಿ. ತೀರಾ ಆಗದಿದ್ದರೆ 3 ದಿನಕ್ಕಿಂತ ಕಮ್ಮಿ ಬೇಡ. ಬೆಳಿಗ್ಗೆ ಎದ್ದ ಒಂದು ಗಂಟೆಯೊಳಗೆ, ಗುಳಿಗೆ ತಗೊಳ್ಳುವ ಮೊದಲು, ನಾಷ್ಟಾಕ್ಕೂ ಮೊದಲು ಎರಡು ಸಲ. ಸಂಜೆ, ರಾತ್ರಿ ಊಟಕ್ಕೆ ಮುಂಚೆ ಎರಡು ಸಲ.

ಗುಳಿಗೆಗೆ ಮುಂಚೆ ಯಾಕೆ? ನಿನ್ನೆ ತಗೊಂಡ ಗುಳಿಗೆ ಇಂದು ಬೆಳಿಗ್ಗೆವರೆಗೂ ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ತಿಳಿಯುವುದು ಆಗಲೇ. ಗುಳಿಗೆ ನುಂಗಿ ಒಂದೆರಡು ತಾಸಾದ ಮೇಲೆ ನೋಡಿದರೆ ಅಂಕಿ ಚೆಂದ ಕಾಣಬಹುದು, ಡಾಕ್ಟರಿಗೆ ಬೇಕಾದ ಸುದ್ದಿ ಅದರಲ್ಲಿ ಇರುವುದಿಲ್ಲ.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲೋ ಹಟ್ಟಿ ಚಿನ್ನದ ಗಣಿಯಲ್ಲೋ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲೋ ರಾತ್ರಿ ಪಾಳಿ ಮಾಡುವವರಿಗೆ "ಬೆಳಿಗ್ಗೆ" ಅಂದರೆ ಮಲಗಿ ಎದ್ದ ಹೊತ್ತು, ಅದು ಮಧ್ಯಾಹ್ನ 3 ಗಂಟೆಯಾದರೂ ಸರಿ. ಪುಸ್ತಕದಲ್ಲಿ "ನೈಟ್ ಶಿಫ್ಟ್" ಅಂತ ಬರೆದರೆ ಡಾಕ್ಟರಿಗೆ ಅರ್ಥವಾಗುತ್ತದೆ. ರಂಜಾನ್‌ನಲ್ಲಿ ರೋಜಾ ಇರುವವರು ಗುಳಿಗೆಯ ಹೊತ್ತನ್ನು ತಾವೇ ಬದಲಿಸದೆ, ತಿಂಗಳು ಶುರುವಾಗುವ ಮೊದಲೇ ಡಾಕ್ಟರನ್ನು ಕೇಳಿ, ಸಹರಿ-ಇಫ್ತಾರ್ ಹೊತ್ತಿಗೆ ಹೊಂದಿಸಿಕೊಳ್ಳಲಿ.

ಬಿಪಿ ಹತೋಟಿಯಲ್ಲಿದ್ದರೆ ಮಧ್ಯದ ದಿನಗಳಲ್ಲಿ ವಾರಕ್ಕೆ ಒಂದೆರಡು ಸಲ ಸಾಕು. ಜಗಳ ಆಯಿತು ಅಂತ ನೋಡುವುದು, ತಲೆನೋವು ಬಂತು ಅಂತ ನೋಡುವುದು, 150 ಬಂತು ಅಂತ ಗಾಬರಿಯಾಗಿ ಐದು ನಿಮಿಷಕ್ಕೊಮ್ಮೆ ನೋಡುವುದು ಬೇಡ. ಗಾಬರಿಗೆ ಅಂಕಿ ಇನ್ನೂ ಏರುತ್ತದೆ, ಅಲ್ವಾ? ಇನ್ನೊಂದು ಮಾತು. "ನನಗ ಬಿಪಿ ಏರಿದ್ರ ಗೊತ್ತಾಗ್ತದ್ರಿ" ಅನ್ನುವವರು ಬಹಳ. ಬಹುತೇಕ ಜನರಿಗೆ ಗೊತ್ತಾಗುವುದಿಲ್ಲ. ಬಿಪಿ ಸದ್ದಿಲ್ಲದೆ ಏರಿರುತ್ತದೆ, ಮೂತ್ರಪಿಂಡ, ಕಣ್ಣು, ಹೃದಯ, ಮಿದುಳಿಗೆ ಪೆಟ್ಟು ಕೊಡುತ್ತಿರುತ್ತದೆ. ಅದಕ್ಕೇ ಆರಾಮ ಇದ್ದಾಗಲೂ ನೋಡಬೇಕು, ಆರಾಮ ಇದ್ದಾಗಲೂ ಗುಳಿಗೆ ಬಿಡಬಾರದು.

ಪುಸ್ತಕದ ಒಂದು ಪುಟ

ಮಕ್ಕಳ ಹಳೆಯ ನೋಟ್‌ಬುಕ್ ಸಾಕು. ತಾರೀಖು, ಹೊತ್ತು, ಎರಡು ಅಂಕಿ, ನಾಡಿ, ಗುಳಿಗೆ ತಗೊಂಡಿದ್ದೋ ಇಲ್ಲವೋ, ಏನಾದರೂ ವಿಶೇಷ. ಕಾರಟಗಿ ಕಡೆಯ ಅಮ್ಮ ಒಬ್ಬರ ಪುಸ್ತಕ ಅಂತ ಇಟ್ಟುಕೊಳ್ಳೋಣ. ಒಂದು ದಿನದ ಸಾಲು ಹೀಗಿರುತ್ತದೆ:

ಸೋಮವಾರ ಬೆಳಿಗ್ಗೆ 6:30. 146/90, 142/86. ನಾಡಿ 78. ಗುಳಿಗೆ ಇನ್ನೂ ತಗೊಂಡಿಲ್ಲ.
ಸಂಜೆ 7:30. 134/82, 130/78. ನಾಡಿ 74. ಬೆಳಗಿನ ಗುಳಿಗೆ 8ಕ್ಕೆ ತಗೊಂಡಿದೆ. ನಿನ್ನೆ ಮದುವೆ ಊಟ, ನಿದ್ದೆ ಕಮ್ಮಿ.

ಆ ಕೊನೆಯ ಸಣ್ಣ ವಾಕ್ಯ ಬಹಳ ಬೆಲೆಬಾಳುತ್ತದೆ. ಒಗ್ಗರಣಿ-ಮಿರ್ಚಿ ತಿಂದ ದಿನ, ಉಪ್ಪಿನಕಾಯಿ-ಹಪ್ಪಳ-ಮಜ್ಜಿಗೆ ಮೆಣಸಿನಕಾಯಿ ಜೋರಾಗಿ ನಡೆದ ದಿನ, ಸೊಂಟನೋವಿಗೆ ಮೆಡಿಕಲ್‌ನಿಂದ ಗುಳಿಗೆ ತಂದು ನುಂಗಿದ ದಿನ, ಬಿಪಿ ಗುಳಿಗೆ ಮರೆತ ದಿನ, ಎಲ್ಲ ಬರೆಯಿರಿ. ನೋವಿನ ಗುಳಿಗೆಯ ವಿಷಯ ಬೇರೆಯಾಗಿ ಹೇಳಲೇಬೇಕು. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥವು ಬಿಪಿ ಏರಿಸುತ್ತವೆ, ಬಿಪಿ ಗುಳಿಗೆಯ ಶಕ್ತಿ ಕುಗ್ಗಿಸುತ್ತವೆ, ಮೂತ್ರಪಿಂಡಕ್ಕೂ ಒಳ್ಳೆಯದಲ್ಲ. ಭತ್ತದ ನಾಟಿ, ಹತ್ತಿ ಬಿಡಿಸುವ ಕಾಲದಲ್ಲಿ ನಮ್ಮ ಹೆಣ್ಣುಮಕ್ಕಳು ದಿನಾ ಒಂದು ನುಂಗಿಕೊಂಡೇ ಹೊಲಕ್ಕೆ ಹೋಗುತ್ತಾರೆ. ಯಾರೂ ಕೇಳದಿದ್ದರೆ ಅವರೂ ಹೇಳುವುದಿಲ್ಲ, ಇತ್ತ ಬಿಪಿ ಯಾಕೆ ಇಳಿಯುತ್ತಿಲ್ಲ ಅಂತ ಡಾಕ್ಟರು ಇನ್ನೊಂದು ಗುಳಿಗೆ ಸೇರಿಸುತ್ತಾರೆ.

ಓದು ಬರಹ ಬಾರದವರು ಮಕ್ಕಳಿಂದ, ಮೊಮ್ಮಕ್ಕಳಿಂದ ಬರೆಸಿ. ಅದೂ ಆಗದಿದ್ದರೆ ಮಿಷನ್ ಅನ್ನೇ ಚೀಲದಲ್ಲಿ ತನ್ನಿ, ಬಹಳ ಮಿಷನ್‌ಗಳಲ್ಲಿ ಹಳೆಯ ಅಂಕಿಗಳು ಉಳಿದಿರುತ್ತವೆ.

ಈಗ ಸರಾಸರಿ. ಮೊದಲ ದಿನದ್ದನ್ನು ಬಿಟ್ಟುಬಿಡಿ, ಅವತ್ತು ಕೈ ಪಳಗಿರುವುದಿಲ್ಲ, ಅಂಕಿ ಏರಿರುತ್ತದೆ. ಉಳಿದ 6 ದಿನ, ದಿನಕ್ಕೆ 4, ಒಟ್ಟು 24 ಅಂಕಿ. ಆ ಅಮ್ಮನ ಮೇಲಿನ ಅಂಕಿಗಳನ್ನೆಲ್ಲ ಕೂಡಿದರೆ 3,312 ಬಂತು ಅನ್ನಿ. 24ರಿಂದ ಭಾಗಿಸಿದರೆ 138. ಕೆಳಗಿನವು 2,016, ಭಾಗಿಸಿದರೆ 84. ವಾರದ ಸರಾಸರಿ 138/84. ಬೆಳಗಿನ 12 ಅಂಕಿಗಳನ್ನು ಬೇರೆ ತೆಗೆದರೆ 144/88, ಸಂಜೆಯ 12 ತೆಗೆದರೆ 132/80. ಹತ್ತನೇ ಕ್ಲಾಸಿನ ಮೊಮ್ಮಗಳು ಮೊಬೈಲ್‌ನಲ್ಲಿ ಐದು ನಿಮಿಷದಲ್ಲಿ ಮಾಡಿಕೊಡುತ್ತಾಳೆ.

ಪುಟದ ತಲೆಯಲ್ಲಿ ದೊಡ್ಡದಾಗಿ ಮೂರೇ ಸಾಲು ಬರೆಯಿರಿ: ವಾರದ ಸರಾಸರಿ 138/84. ಬೆಳಿಗ್ಗೆ 144/88, ಸಂಜೆ 132/80. ಗುಳಿಗೆ ಮರೆತದ್ದು 1 ದಿನ.

ಇದಕ್ಕೆ ಅರ್ಥ ಹೇಗೆ ಹಚ್ಚುವುದು? ಆಸ್ಪತ್ರೆಯಲ್ಲಿ 140/90 ಗಡಿ ಇದ್ದರೆ, ಮನೆಯ ಸರಾಸರಿಗೆ ಗಡಿ 135/85. ಮನೆಯಲ್ಲಿ ಸಾಮಾನ್ಯವಾಗಿ ಸ್ವಲ್ಪ ಕಮ್ಮಿ ಬರುವುದರಿಂದ ಗಡಿಯೂ ಕಮ್ಮಿ. ಎರಡರಲ್ಲಿ ಒಂದು ದಾಟಿದರೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಆ ಅಮ್ಮನ 138 ಇನ್ನೂ ಮೇಲೇ ಇದೆ, ಅದೂ ಬೆಳಗಿನ ಹೊತ್ತು. ಡಾಕ್ಟರಿಗೆ ಈ ಬೆಳಿಗ್ಗೆ-ಸಂಜೆ ವ್ಯತ್ಯಾಸ ಒಂದು ದೊಡ್ಡ ಸುಳಿವು. ಗುಳಿಗೆಯ ಪ್ರಭಾವ ರಾತ್ರಿಯಿಡೀ ಉಳಿಯುತ್ತಿಲ್ಲವೋ, ನಿದ್ದೆ ಕೆಟ್ಟಿದೆಯೋ, ರಾತ್ರಿ ಗೊರಕೆ ಜಾಸ್ತಿಯೋ ಅಂತ ಮುಂದಿನ ಪ್ರಶ್ನೆ ಕೇಳುತ್ತಾರೆ. ಶುಗರ್ ಇರುವವರಿಗೆ, ಹೃದಯದ ತೊಂದರೆ ಇರುವವರಿಗೆ ಡಾಕ್ಟರು ಇನ್ನೂ ಕೆಳಗೆ, 130/80ರ ಒಳಗೆ ತರಲು ನೋಡಬಹುದು. ತೀರಾ ವಯಸ್ಸಾದವರಿಗೆ ಸ್ವಲ್ಪ ಸಡಿಲ ಬಿಡಬಹುದು. ಅದಕ್ಕೇ ನಿಮ್ಮ ಗುರಿ ಎಷ್ಟು ಅಂತ ಕೇಳಿ, ಪುಸ್ತಕದ ರಟ್ಟಿನ ಮೇಲೆ ಬರೆಸಿಕೊಳ್ಳಿ.

ಡಾಕ್ಟರ ಮುಂದೆ

ಕೂತ ತಕ್ಷಣ ಪುಸ್ತಕ ತೆರೆದು ಆ ಮೂರು ಸಾಲು ಡಾಕ್ಟರ ಕಡೆ ತಿರುಗಿಸಿ ಇಡಿ. ಮಾತು ಆಮೇಲೆ. ಇಂಥ ಪುಸ್ತಕ ಇದ್ದಾಗ ಮಾತುಕತೆ ಹೇಗಿರುತ್ತದೆ ನೋಡಿ:

"ಅಮ್ಮಾರೆ, ಮುಂಜಾನಿ ಗುಳಿಗಿ ತಗೊಳ್ಳೂಕಿಂತ ಮೊದ್ಲ ನೋಡೀರೇನ್ರಿ?"
"ಹೌದ್ರಿ ಸಾಹೇಬ್ರ, ಗುಳಿಗಿ ಆಮ್ಯಾಲ."
"ಬುಧವಾರ ಗುಳಿಗಿ ಬಿಟ್ಟೀರಿ ಅಂತ ಬರದೀರಲ್ಲ?"
"ಊರಿಗೆ ಹೋಗಿದ್ನಿರಿ, ಚೀಲದಾಗ ಇಟ್ಟಿದ್ದಿಲ್ಲ."
"ಚಲೋ ಆತು ಬರದದ್ದು. ಮತ್ತ ಮೊಣಕಾಲಿಗೆ ಏನರ ಗುಳಿಗಿ ನಡದೈತೇನ್ರಿ?"

ಒಂದು ನಿಮಿಷದ ಮಾತು ಇದು. ಪುಸ್ತಕ ಇಲ್ಲದಿದ್ದರೆ ಆ ನಿಮಿಷ "ಹೆಂಗದೀರಿ, ಆರಾಮದೀನ್ರಿ" ಅನ್ನುವುದರಲ್ಲೇ ಮುಗಿಯುತ್ತದೆ.

ಏಳುವ ಮೊದಲು ಮೂರು ವಿಷಯ ಕೇಳಿಕೊಳ್ಳಿ. ನನ್ನ ಗುರಿ ಎಷ್ಟು? ಎಷ್ಟು ಏರಿದರೆ, ಎಷ್ಟು ಇಳಿದರೆ ಫೋನ್ ಮಾಡಬೇಕು? ಮತ್ತೆ ಯಾವಾಗ ವಾರದ ಲೆಕ್ಕ ತರಬೇಕು? ಗುಳಿಗೆ ಬದಲಾದರೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬಿಟ್ಟು ಮತ್ತೆ ನೋಡುತ್ತಾರೆ. ಆಮ್ಲೋಡಿಪಿನ್ ಅಥವಾ ಟೆಲ್ಮಿಸಾರ್ಟನ್‌ನಂಥ ಬಿಪಿ ಗುಳಿಗೆ ಶುರು ಮಾಡಿದ ಮೂರನೇ ದಿನಕ್ಕೇ "ಇಳಿದಿಲ್ಲ" ಅಂತ ಬಿಟ್ಟುಬಿಡುವುದು ತಪ್ಪು, ಪೂರ್ತಿ ಕೆಲಸ ಕಾಣಲು ವಾರಗಳು ಬೇಕು. ಆಮ್ಲೋಡಿಪಿನ್‌ನಿಂದ ಪಾದ ಊದಿಕೊಂಡರೆ ಅದನ್ನೂ ಬರೆದುಕೊಂಡು ಬನ್ನಿ. ತಾವಾಗಿಯೇ ನಿಲ್ಲಿಸಬೇಡಿ, ಬದಲಿ ಇದೆ.

ವಾಟ್ಸಾಪ್‌ನಲ್ಲಿ ಕಳಿಸುವುದಾದರೆ

ಮೊದಲು ಡಾಕ್ಟರನ್ನೋ ನರ್ಸ್ ಅಕ್ಕನನ್ನೋ ಕೇಳಿ, ಅವರು ಒಪ್ಪಿದ ನಂಬರ್‌ಗೆ ಮಾತ್ರ ಕಳಿಸಿ. ಮಿಷನ್ ಪರದೆಯ ಫೋಟೋ ದಿನಾ ನಾಲ್ಕು ಕಳಿಸಿದರೆ ಯಾರಿಗೂ ಉಪಯೋಗವಿಲ್ಲ. ವಾರದ ಕೊನೆಗೆ ಒಂದೇ ಮೆಸೇಜ್, ಜೊತೆಗೆ ಪುಸ್ತಕದ ಆ ಪುಟದ ಒಂದು ಫೋಟೋ. ಮೆಸೇಜ್ ಹೀಗಿರಲಿ:

"ನಮಸ್ಕಾರ ಸರ್. ಕಾರ್ಡ್ ನಂಬರ್ ಇಷ್ಟು. ವಯಸ್ಸು 58, ಊರು ಕಾರಟಗಿ. ಗುಳಿಗೆ: ಆಮ್ಲೋಡಿಪಿನ್ 5, ಬೆಳಿಗ್ಗೆ ಒಂದು. 6 ದಿನದ ಸರಾಸರಿ 138/84. ಬೆಳಿಗ್ಗೆ 144/88, ಸಂಜೆ 132/80. ಒಂದು ದಿನ ಗುಳಿಗೆ ಮರೆತಿದೆ. ತಲೆಸುತ್ತು ಇಲ್ಲ, ಪಾದ ಊದಿಲ್ಲ. ಮುಂದೇನು ಮಾಡಬೇಕು?"

ಉತ್ತರ ಬರಲು ಒಂದೆರಡು ದಿನ ಆಗಬಹುದು. ಹಾಗಾಗಿ ತುರ್ತು ವಿಷಯವನ್ನು ಎಂದೂ ವಾಟ್ಸಾಪ್‌ನಲ್ಲಿ ಕಳಿಸಿ ಕಾಯಬೇಡಿ. ಉತ್ತರ ಬಂದರೆ ಪುಸ್ತಕಕ್ಕೆ ಇಳಿಸಿ, ತಾರೀಖು ಹಾಕಿ. ಮನೆಯವರ ಗ್ರೂಪ್‌ನಲ್ಲಿ ಅತ್ತೆಯ ಬಿಪಿ ಫೋಟೋ ಹಾಕಿ ಇಪ್ಪತ್ತು ಜನರ ಸಲಹೆ ಕೇಳುವುದು ನನಗೆ ಸರಿ ಕಾಣುವುದಿಲ್ಲ. ಅದು ಅವರ ಆರೋಗ್ಯದ ವಿಷಯ, ಅವರನ್ನು ಕೇಳಿ ಹಂಚಬೇಕಾದದ್ದು.

ಪುಸ್ತಕ ನೋಡುವ ಡಾಕ್ಟರು, ನರ್ಸುಗಳಿಗೆ

ರೋಗಿ ಏಳು ದಿನ ಕಷ್ಟಪಟ್ಟು ಬರೆದು ತಂದ ಪುಸ್ತಕವನ್ನು ಪಕ್ಕಕ್ಕೆ ಸರಿಸಿದರೆ ಅವರು ಮುಂದಿನ ಸಲ ತರುವುದಿಲ್ಲ. ಅರ್ಧ ನಿಮಿಷವಾದರೂ ಅದರ ಮೇಲೆ ಕಣ್ಣಾಡಿಸಿ, ಸರಾಸರಿಯ ಕೆಳಗೆ ಸಹಿ ಹಾಕಿ ತಾರೀಖು ಬರೆಯಿರಿ. ಒಂದು 168 ಕಂಡಿತು ಅಂತ ಗುಳಿಗೆ ಏರಿಸುವುದಲ್ಲ, ಸರಾಸರಿ ನೋಡಿ ತೀರ್ಮಾನಿಸಬೇಕು. ಅದನ್ನೇ ಎನ್‌ಸಿಡಿ (ಅಂಟದ ಕಾಯಿಲೆಗಳ) ಕ್ಲಿನಿಕ್ಕಿನ ಕಾರ್ಡಿನಲ್ಲೂ "ಮನೆಯದು" ಅಂತ ಗುರುತು ಮಾಡಿ ಬರೆದರೆ, ಮುಂದಿನ ತಿಂಗಳು ಬೇರೆ ಡಾಕ್ಟರಿದ್ದರೂ ಎಳೆ ತಪ್ಪುವುದಿಲ್ಲ. ಬಿಪಿ, ಶುಗರ್‌ನಂಥ ಕಾಯಿಲೆಗಳಿಗಾಗಿ ಕೇಂದ್ರದ ಕಾರ್ಯಕ್ರಮ 2010ರಲ್ಲಿ ಶುರುವಾದದ್ದು, ಎನ್‌ಸಿಡಿ ಕ್ಲಿನಿಕ್‌ಗಳು ಅದರಿಂದಲೇ ಬಂದವು. ಆ ಕಾರ್ಡು ಸುಮ್ನೆ ಹಾಜರಿ ಪುಸ್ತಕದಂತೆ ಆಗಬಾರದು.

ಕೆಲವು ಪುಸ್ತಕಗಳಲ್ಲಿ ಏಳೂ ದಿನ 120/80 ಇರುತ್ತದೆ. ಎಲ್ಲ ಅಂಕಿಯೂ ಸೊನ್ನೆಯಲ್ಲೇ ಮುಗಿಯುತ್ತದೆ. ನೋಡದೆ ಬರೆದದ್ದು ಅಂತ ತಕ್ಷಣ ತಿಳಿಯುತ್ತದೆ. ಆಗ ಬೈಯಬೇಡಿ, ದಯವಿಟ್ಟು. ಬೈಸಿಕೊಳ್ಳುವ ಭಯಕ್ಕೇ ಅವರು ಹಾಗೆ ಬರೆದಿರುತ್ತಾರೆ. "ಮಿಷನ್ ತೋರಸ್ರಿ, ಕೂಡೇ ಒಂದ್ಸಲ ನೋಡೋಣ" ಅಂದರೆ ಸಾಕು, ಮುಂದಿನ ವಾರ ನಿಜವಾದ ಅಂಕಿ ಬರುತ್ತದೆ. ಗುಳಿಗೆ ಬಿಟ್ಟ ವಿಷಯವನ್ನೂ "ಬಿಟ್ಟೀರೇನು?" ಅಂತ ಕೇಳುವ ಬದಲು "ವಾರದಾಗ ಎಷ್ಟು ದಿನ ತಪ್ತೈತ್ರಿ?" ಅಂತ ಕೇಳಿ ನೋಡಿ. ಹೇಳುತ್ತಾರೆ.

ವಾರ ಕಾಯಬಾರದ ಹೊತ್ತು

ಮೇಲಿನದು 180 ಅಥವಾ ಕೆಳಗಿನದು 120 ದಾಟಿ, ಜೊತೆಗೆ ಎದೆನೋವು, ಉಸಿರಾಟದ ಕಷ್ಟ, ಬಾಯಿ ಸೊಟ್ಟಗಾಗುವುದು, ಒಂದು ಕೈ-ಕಾಲು ಸ್ವಾಧೀನ ತಪ್ಪುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು, ಗೊಂದಲ, ತಡೆಯಲಾರದ ತಲೆನೋವು, ಇವುಗಳಲ್ಲಿ ಒಂದಿದ್ದರೂ 108ಕ್ಕೆ ಫೋನ್ ಮಾಡಿ. ಈ ಲಕ್ಷಣಗಳು ಇದ್ದರೆ ಅಂಕಿ ಕಮ್ಮಿ ಇದ್ದರೂ ಹೊರಡಿ. ಬಳ್ಳಾರಿಯಲ್ಲಿ ಜನ ಈಗಲೂ ವಿಮ್ಸ್ ಅಂತಲೇ ಕರೆಯುವ ವೈದ್ಯಕೀಯ ಕಾಲೇಜು ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಯಾವುದು ಹತ್ತಿರವೋ ಅಂತ ಮೊದಲೇ ಮನೆಯಲ್ಲಿ ಮಾತಾಡಿಟ್ಟುಕೊಳ್ಳಿ. ಪಾರ್ಶ್ವವಾಯುವಿಗೆ ಕೊಡುವ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಆಗಬೇಕು. ಲಕ್ಷಣ ಶುರುವಾದ ಹೊತ್ತು ಎಷ್ಟು ಅಂತ ನೆನಪಿಟ್ಟು ಹೇಳಿ. ನಾಟಿ ಔಷಧಿಗೆ ಅಂತ ಬೇರೆ ಊರಿಗೆ ಕರೆದುಕೊಂಡು ಹೋಗಿ ಆ ಗಂಟೆಗಳನ್ನು ಕಳೆಯಬೇಡಿ.

ಲಕ್ಷಣ ಏನೂ ಇಲ್ಲ, ಅಂಕಿ ಮಾತ್ರ 180 ದಾಟಿದೆ ಅಂದರೆ ಐದು ನಿಮಿಷ ಸುಮ್ನೆ ಕೂತು ಮತ್ತೆ ನೋಡಿ. ಆಗಲೂ ಹಾಗೇ ಇದ್ದರೆ ಅವತ್ತೇ ಡಾಕ್ಟರನ್ನು ಕಾಣಿ. ಎರಡು ದಿನದ ಗುಳಿಗೆ ಒಟ್ಟಿಗೆ ನುಂಗಬೇಡಿ.

ಗರ್ಭಿಣಿಯರಿಗೆ ಲೆಕ್ಕವೇ ಬೇರೆ. ಐದು ನಿಮಿಷ ಬಿಟ್ಟು ನೋಡಿದರೂ 140/90 ಇದ್ದರೆ ಅವತ್ತೇ ತಾಯಿ ಕಾರ್ಡ್ ಹಿಡಿದು ಆಸ್ಪತ್ರೆಗೆ ಹೋಗಬೇಕು. 160/110 ಇದ್ದರೆ, ಅಥವಾ ಜೋರು ತಲೆನೋವು, ಕಣ್ಣು ಮಂಜು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಇದ್ದರೆ ತಕ್ಷಣ. ಮೊದಲಿನಿಂದ ಬಿಪಿ ಗುಳಿಗೆ ತಗೊಳ್ಳುವವರು ಗರ್ಭಿಣಿಯಾದ ಸುದ್ದಿ ಗೊತ್ತಾದ ದಿನವೇ ಡಾಕ್ಟರಿಗೆ ಹೇಳಬೇಕು, ಟೆಲ್ಮಿಸಾರ್ಟನ್‌ನಂಥವು ಮಗುವಿಗೆ ಆಗುವುದಿಲ್ಲ.

ನಮ್ಮ ಬಿಸಿಲು

ರಾಯಚೂರು, ಬಳ್ಳಾರಿಯಲ್ಲಿ ಏಪ್ರಿಲ್-ಮೇ ಅಂದರೆ 40 ಡಿಗ್ರಿ ದಾಟುವ ದಿನಗಳು. ಬಿಸಿಲಿಗೆ ರಕ್ತನಾಳ ಹಿಗ್ಗುತ್ತವೆ, ಬೆವರಿನಲ್ಲಿ ನೀರು-ಉಪ್ಪು ಹೋಗುತ್ತದೆ, ಬಿಪಿ ಇಳಿಯುತ್ತದೆ. ಚಳಿಗಾಲದಲ್ಲಿ ಸರಿಹೋಗುತ್ತಿದ್ದ ಗುಳಿಗೆಯ ಪ್ರಮಾಣ ಬೇಸಿಗೆಗೆ ಜಾಸ್ತಿ ಆಗಬಹುದು. ಮೂತ್ರ ಹೋಗುವ ಗುಳಿಗೆ ತಗೊಳ್ಳುವವರಿಗೆ ಇನ್ನೂ ಹೆಚ್ಚು. ಕೂತವರು ಎದ್ದ ತಕ್ಷಣ ಕಣ್ಣು ಕತ್ತಲೆ ಬರುತ್ತದೆ, ಬಚ್ಚಲಲ್ಲಿ ಬೀಳುತ್ತಾರೆ, ಸೊಂಟ ಮುರಿದುಕೊಳ್ಳುತ್ತಾರೆ.

ಅದಕ್ಕೆ ಬೇಸಿಗೆಯಲ್ಲಿ ಒಂದು ವಾರ ಹೆಚ್ಚಿಗೆ ಲೆಕ್ಕ ತೆಗೆಯಿರಿ. ತಲೆಸುತ್ತು ಇದ್ದವರು ಕೂತು ನೋಡಿದ ಮೇಲೆ ಎದ್ದು ನಿಂತು, 1 ನಿಮಿಷಕ್ಕೆ ಒಮ್ಮೆ, 3 ನಿಮಿಷಕ್ಕೆ ಒಮ್ಮೆ ನೋಡಿ. ಪಕ್ಕದಲ್ಲಿ ಯಾರಾದರೂ ಹಿಡಿದುಕೊಳ್ಳಲು ಇರಲಿ. ಮೇಲಿನದು 20 ಅಥವಾ ಕೆಳಗಿನದು 10 ಇಳಿದರೆ, ಅಥವಾ ಮೇಲಿನದು ಪದೇ ಪದೇ 100ರ ಕೆಳಗೆ ಬಂದು ಸುಸ್ತಾದರೆ, ಡಾಕ್ಟರಿಗೆ ತಿಳಿಸಿ. ಕಮ್ಮಿ ಮಾಡುವುದು, ಬದಲಿಸುವುದು ಅವರ ಕೆಲಸ. ಮಳೆಗಾಲ ಬಂದ ಮೇಲೆ ಮತ್ತೆ ಏರಬಹುದು, ಆಗಲೂ ಒಂದು ವಾರದ ಲೆಕ್ಕ ತೆಗೆಯಿರಿ.

ಗುಳೆ ಹೋಗುವವರು

ಲಿಂಗಸುಗೂರು, ದೇವದುರ್ಗ, ಮಸ್ಕಿ, ಕುಷ್ಟಗಿ ಕಡೆಯಿಂದ ಬೆಂಗಳೂರಿಗೆ, ಪುಣೆಗೆ, ಹೈದರಾಬಾದಿಗೆ ದುಡಿಯಲು ಹೋಗುವವರಲ್ಲಿ ಬಿಪಿ ಇದ್ದವರು ಕಮ್ಮಿಯಿಲ್ಲ. ಗುಳೆ ಹೋದ ಕಡೆ ಗುಳಿಗೆ ಮುಗಿಯುತ್ತದೆ, ಕಾರ್ಡು ಊರಲ್ಲಿ ಉಳಿದಿರುತ್ತದೆ, ಮೂರ್ನಾಲ್ಕು ತಿಂಗಳು ಏನೂ ಇಲ್ಲದೆ ಕಳೆದುಹೋಗುತ್ತದೆ. ಹೊರಡುವ ಮೊದಲು ಕ್ಲಿನಿಕ್‌ಗೆ ಬಂದು, ಎಷ್ಟು ದಿನ ಹೋಗುತ್ತೀರಿ ಅಂತ ಹೇಳಿ, ಎಷ್ಟು ದಿನದ ಗುಳಿಗೆ ಕೊಡಲು ಆಗುತ್ತದೋ ಅಷ್ಟು ತಗೊಳ್ಳಿ. ಪುಸ್ತಕದ ಮೊದಲ ಪುಟಕ್ಕೆ ಗುಳಿಗೆಯ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತು ಅಂತ ಬರೆಸಿ, ಹಳೆಯ ಗುಳಿಗೆ ಪಟ್ಟಿಯೊಂದನ್ನು ಅಲ್ಲೇ ಅಂಟಿಸಿ. ಪುಸ್ತಕ, ಕಾರ್ಡು ಎರಡರ ಫೋಟೋ ಮೊಬೈಲ್‌ನಲ್ಲಿ ಇರಲಿ.

ಬೆಂಗಳೂರಿನಲ್ಲಿ ವಾರ್ಡಿನ "ನಮ್ಮ ಕ್ಲಿನಿಕ್" ಎಂಬ ಸರ್ಕಾರಿ ದವಾಖಾನೆ ಎಲ್ಲಿದೆ ಅಂತ ಕೇಳಿಕೊಂಡು ಹೋಗಿ ಈ ಪುಸ್ತಕ ತೋರಿಸಿದರೆ, ಮೊದಲಿನಿಂದ ಹೇಳಬೇಕಾದ ಕಷ್ಟ ಇರುವುದಿಲ್ಲ. ಗುಳಿಗೆ ಕೊಳ್ಳಬೇಕಾಗಿ ಬಂದರೆ ಜನೌಷಧಿ ಕೇಂದ್ರದಲ್ಲಿ ಅದೇ ಔಷಧಿ ಕಮ್ಮಿ ಬೆಲೆಗೆ ಸಿಗುತ್ತದೆ. ಮೇಸ್ತ್ರಿಗೋ ಜೊತೆಗಾರರಿಗೋ ನಿಮಗೆ ಬಿಪಿ ಇದೆ ಅಂತ ಒಂದು ಮಾತು ಹೇಳಿಟ್ಟಿರಿ. ಊರಿಗೆ ವಾಪಸ್ ಬಂದ ಮೊದಲ ವಾರವೇ ಮತ್ತೆ ಏಳು ದಿನ ನೋಡಿ, ಆ ಪುಟವನ್ನೂ ಅಲ್ಲಿ ಬರೆದ ಪುಟಗಳನ್ನೂ ಒಟ್ಟಿಗೆ ಕ್ಲಿನಿಕ್‌ಗೆ ತನ್ನಿ.